ಪೈಪು ಬದಲಿಸಿದ್ದಕ್ಕೂ ಬಾಡಿಗೆ ಜಾಸ್ತಿಯೇ?

ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ಓನರ್ ಸೋರುತ್ತಿದ್ದ ಪೈಪುಗಳನ್ನು ಬದಲಿಸಿ, ಹೊರಗೋಡೆಗೆ ಬಣ್ಣ ಹೊಡೆಸಿ, ಲಿಫ್ಟ್ ಹಾಕಿಸಿದರಂತೆ. ಮರುತಿಂಗಳೇ ‘ಕಟ್ಟಡ ಸುಧಾರಣೆ’ ಅಂತ ಬಾಡಿಗೆ ಏರಿಸಿದರಂತೆ. “ಪ್ರಶ್ನಿಸಬಹುದಾ, ಸುಮ್ನೆ ಕೊಟ್ಟುಬಿಡಲಾ?” ಎಂದು ಕೇಳಿದ್ದಾರೆ.

ಸುಮ್ನೆ ಕೊಡಬೇಡಿ. ನನಗೆ ನಾಲ್ಕು ಪುಟ ಬರೆದಿರಿ, ಓನರ್‌ಗೆ ನಾಲ್ಕು ಸಾಲು ಬರೆದಿರಾ? ಇಲ್ಲ ಅಲ್ವಾ?

ಲಿಫ್ಟಿನ ಮಾತು ಬೇರೆ. ಕೈಯಿಂದ ದುಡ್ಡು ಹಾಕಿದವರಿಗೆ ಒಂದಿಷ್ಟು ವಾಪಸ್ ಬರಬೇಕು, ಒಪ್ಪೋಣ. ಆದರೆ ಪೈಪು ರಿಪೇರಿ. ನೀವು ಇಷ್ಟು ದಿನ ಕೊಟ್ಟ ಬಾಡಿಗೆಯಲ್ಲೇ ಅದರ ಖರ್ಚು ಸೇರಿತ್ತು.

ದೆಹಲಿಯ 1958ರ ಬಾಡಿಗೆ ನಿಯಂತ್ರಣ ಕಾಯ್ದೆ ಈ ಗೆರೆಯನ್ನು ಆಗಲೇ ಎಳೆದಿದೆ. ಅಲಂಕಾರ, ಮಾಮೂಲಿ ರಿಪೇರಿ ಲೆಕ್ಕಕ್ಕಿಲ್ಲ. ನಿಜವಾದ ಸುಧಾರಣೆಗೂ ಬಾಡಿಗೆದಾರರದೋ, ಬಾಡಿಗೆ ತಕರಾರು ನೋಡುವ ಸರ್ಕಾರಿ ಅಧಿಕಾರಿ ಕಂಟ್ರೋಲರ್‌ದೋ ಲಿಖಿತ ಒಪ್ಪಿಗೆ ಬೇಕು. ಜರ್ಮನಿಯಲ್ಲಿ ಖರ್ಚಿನ ಶೇ 8ರಷ್ಟನ್ನು ವರ್ಷದ ಬಾಡಿಗೆಗೆ ಸೇರಿಸಬಹುದು. ಹೇಗೂ ಮಾಡಲೇಬೇಕಿದ್ದ ರಿಪೇರಿಯ ಪಾಲನ್ನು ಮೊದಲು ಕಳೆಯಬೇಕು. ನ್ಯೂಯಾರ್ಕಿನ ಬಾಡಿಗೆ ನಿಯಂತ್ರಿತ ಮನೆಗಳಲ್ಲಿ ಇಂಥ ಏರಿಕೆ ಒಮ್ಮೆ ಬಂದರೆ ಹೋಗುತ್ತಲೇ ಇರಲಿಲ್ಲ. 2019ರಲ್ಲಿ ಕಾನೂನು ಬದಲಾಯಿತು. ವರ್ಷಕ್ಕೆ ಶೇ 2ರ ಮಿತಿ ಬಂತು, 30 ವರ್ಷದ ಬಳಿಕ ತೆಗೆಯಬೇಕು ಎಂದಾಯಿತು. ಅಷ್ಟರಲ್ಲಿ ಆ ಲಿಫ್ಟೇ ಇರುತ್ತೋ ಇಲ್ಲವೋ!

ನಾನು ಬಾಡಿಗೆಗಿದ್ದಾಗಲೂ ಹೀಗೇ ಆಗಿತ್ತು. “ಬಿಲ್ ತೋರಿಸಿ ಸಾರ್” ಎಂದೆ. ಸಿಟ್ಟಿನಿಂದಲೇ ಒಂದು ಕಟ್ಟು ತಂದು ಮೇಜಿನ ಮೇಲೆ ಹಾಕಿದರು. ಒಂದೊಂದೇ ತಿರುವಿದೆ. ಮೋಟಾರು, ವೈರು, ಮೇಸ್ತ್ರಿ ಕೂಲಿ. ಆರನೆಯದರಲ್ಲಿ ಎರಡು ವಾಶ್‌ಬೇಸಿನ್. ನಮ್ಮನೆಯಲ್ಲಿದ್ದದ್ದು ಒಂದೇ, ಅದೂ ಅಂಚು ಒಡೆದ ಹಳೇದು. ಯಜಮಾನರು ಕನ್ನಡಕ ತೆಗೆದು ಒರೆಸುತ್ತ ಕೂತರು. ಏರಿಕೆ ಅರ್ಧಕ್ಕಿಳಿಯಿತು.

ಈಗಂತೂ ಎಲ್ಲ ಕಡೆ ಇದೇ ಚಾಳಿ. ಕೆಟ್ಟದ್ದನ್ನು ಸರಿಮಾಡಿದರೆ ಅದಕ್ಕೆ ‘ಅಪ್‌ಗ್ರೇಡ್’ ಅಂತ ಹೆಸರು, ಹಿಂದೆಯೇ ಒಂದು ಬಿಲ್ಲು. ನಮ್ಮ ಪತ್ರಿಕೆಯೂ ಹೊಳೆಯುವ ಕಾಗದಕ್ಕೆ ಬದಲಾದಾಗ ಬೆಲೆ ಏರಿಸಿತ್ತು. ಆಗ ನೀವ್ಯಾರೂ ತಕರಾರು ಬರೆಯಲಿಲ್ಲ. ನನಗೆ ಲಾಭವೇ ಆಯಿತು, ಆದರೂ ಬೇಜಾರಾಯಿತು.

ಕರಾರು ಪತ್ರ ತೆಗೆದು ಓದಿ. ಯಾವುದಕ್ಕೆ ಎಷ್ಟು ಖರ್ಚಾಯಿತು ಎಂದು ಲಿಖಿತವಾಗಿ ಕೇಳಿ. ಹಳೇ ಬಾಡಿಗೆಯನ್ನು ಮಾತ್ರ ತಪ್ಪಿಸಬೇಡಿ. ಬಾಕಿ ಇಟ್ಟರೆ ಗೆಲ್ಲುವ ವಾದವೂ ಕೈತಪ್ಪುತ್ತದೆ. ಬಿಲ್ಲು ಬಂದರೆ ನನಗೂ ಒಂದು ಜೆರಾಕ್ಸ್ ಕಳಿಸಿ, ವಾಶ್‌ಬೇಸಿನ್ ಎಷ್ಟಿವೆ ಅಂತ ನೋಡೋಣ.