ಮುಖಕ್ಕೆ ಹಸಿರು ಬಣ್ಣ ಬರುವುದು ಹುಲ್ಲಿನಿಂದ

ಲಾಲ್‌ಬಾಗ್‌ನಲ್ಲಿ ತೆಗೆದ ಫೋಟೋದಲ್ಲಿ ತಂಗಿಯ ಮುಖ ಹಸಿರಾಗಿದೆ, ನಿಂತಿರುವ ರೀತಿ ಬಿಗಿಯಾಗಿದೆ, ತಲೆಯ ಹಿಂದೆ ಮರ ಎದ್ದಂತಿದೆ ಅಂತ ಕೇಳಿದ್ದೀರಿ. ಕ್ಯಾಮೆರಾದ ತಪ್ಪಲ್ಲ. ಮರದ ಕೆಳಗೆ ಹುಲ್ಲಿನ ಮೇಲೆ ನಿಲ್ಲಿಸಿದರೆ ಎಲೆಗಳಿಂದ ಸೋಸಿ ಬರುವ ಬೆಳಕೂ ಹಸಿರು, ಹುಲ್ಲಿಗೆ ತಾಗಿ ಮೇಲೆ ಬರುವುದೂ ಹಸಿರು. ಗದ್ದದ ಕೆಳಗೆ ಅದು ಜಾಸ್ತಿ ಕಾಣುತ್ತದೆ. ಎಡಿಟ್ ಮಾಡುವಾಗ ಟಿಂಟ್ ಅನ್ನುವ ಬಣ್ಣದ ಸ್ಲೈಡರನ್ನು ಹಸಿರಿನ ಎದುರು ಬಣ್ಣವಾದ ಮೆಜೆಂಟಾ (ನೇರಳೆ ಮಿಶ್ರಿತ ಗುಲಾಬಿ) ಕಡೆ ಸರಿಸಿದರೆ ಕಡಿಮೆಯಾಗುತ್ತದೆ. ಆದರೆ ಸೀರೆಯ ಬಣ್ಣವೂ ಕೆಡುತ್ತದೆ. ಅದಕ್ಕಿಂತ ಜಾಗ ಬದಲಿಸಿ. ಅಲ್ಲೇ ದೊಡ್ಡ ಬಂಡೆ ಇದೆಯಲ್ಲ, ಬೂದು ಬಣ್ಣದ್ದು, ಅದರ ಮೇಲೆ ಈ ತೊಂದರೆ ಇರುವುದಿಲ್ಲ. ಸಂಜೆ ಹೋಗಿ. ನಡುಮಧ್ಯಾಹ್ನ ಬಂಡೆ ಕಾದಿರುತ್ತದೆ, ಕಣ್ಣಿನ ಕೆಳಗೆ ನೆರಳೂ ಬೀಳುತ್ತದೆ.

ಎದುರಿಗೆ ನೆಟ್ಟಗೆ ನಿಂತರೆ ಆಧಾರ್ ಕಾರ್ಡಿನ ಫೋಟೋ ಥರ ಆಗುತ್ತದೆ. ಭುಜ ಸ್ವಲ್ಪ ಓರೆಯಾಗಲಿ, ಭಾರ ಹಿಂದಿನ ಕಾಲಿನ ಮೇಲಿರಲಿ. ಕೈಗೆ ಏನಾದರೂ ಕೆಲಸ ಕೊಡಿ, ಸೆರಗಾದರೂ ಹಿಡಿಯಲಿ. ‘ನಗು ನಗು’ ಅನ್ನಬೇಡಿ, ಸುಮ್ನೆ ಮಾತಾಡಿಸುತ್ತಾ ಕ್ಲಿಕ್ ಮಾಡಿ.

ಮರದ ವಿಷಯ ಸುಲಭ. ನೀವೇ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ತಂಗಿಯನ್ನು ಹಿಂದಿನ ಗಿಡಗಳಿಂದ ದೂರ ನಿಲ್ಲಿಸಿ. 50 ಎಂಎಂ ಲೆನ್ಸ್ ಇದ್ದರೆ ಎಫ್ 2ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಅಗಲವಾಗಿ ತೆರೆದು ತೆಗೆಯಿರಿ, ಹಿನ್ನೆಲೆ ಮಸುಕಾಗುತ್ತದೆ; ಫೋಕಸ್ ಮಾತ್ರ ಕ್ಯಾಮೆರಾಗೆ ಹತ್ತಿರದ ಕಣ್ಣಿನ ಮೇಲಿರಲಿ.