ಏನಾದ್ರೂ ಬೇಕಿದ್ರೆ ಹೇಳಿ ಅಂದವರಿಗೆ ಕೆಲಸ ಹೇಳಿ

ಪ್ರಶ್ನೆ: ಅಕ್ಕಾ ನಮಸ್ಕಾರ. ನಮ್ದು ಚಳ್ಳಕೆರೆ ಕಡೆ ಹಳ್ಳಿ. ನಮ್ಮ ಯಜಮಾನರಿಗೆ ಕೆನ್ನೆ ಒಳಗಡೆ ಕ್ಯಾನ್ಸರ್ ಆಗಿ ಬೆಂಗಳೂರಲ್ಲಿ ಆಪರೇಷನ್ ಆಯ್ತು, ಈಗ ರೇಡಿಯೇಷನ್ ನಡೀತಿದೆ, ಮೂಗಿಗೆ ಪೈಪ್ ಹಾಕಿದಾರೆ, ಊಟ ಎಲ್ಲಾ ಅದ್ರಲ್ಲೇ. ನಾವಿಬ್ರೂ ಅವರ ಚಿಕ್ಕಮ್ಮನ ಮನೇಲಿದೀವಿ, ಮಕ್ಕಳು ಊರಲ್ಲಿ ಅಜ್ಜಿ ಹತ್ರ. ನೋಡೋಕೆ ಬಂದೋರೆಲ್ಲ ಏನಾದ್ರೂ ಬೇಕಿದ್ರೆ ಹೇಳಮ್ಮ ಅಂತಾರೆ, ಹೋಗ್ತಾರೆ. ಕೆಲವರು ಗುಟ್ಕಾ ತಿನ್ನೋವಾಗ ನೀನ್ಯಾಕೆ ಬಿಡಿಸಲಿಲ್ಲ ಅಂತ ನನ್ನನ್ನೇ ಕೇಳ್ತಾರೆ. ಮೊನ್ನೆ ಇವರು ಪೈಪ್ ಕಿತ್ತಾಕೋಕೆ ಹೋದ್ರು, ನಾನು ಬಾಯಿಗೆ ಬಂದಂಗೆ ಬೈದುಬಿಟ್ಟೆ, ಆಮೇಲೆ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೀನಿ. ರಾತ್ರಿ ನಿದ್ದೆ ಇಲ್ಲ. ಕಾಯಿಲೆ ಇರೋದು ಅವರಿಗೆ, ನಾನು ನನ್ನ ಕಷ್ಟ ಹೇಳ್ಕೊಂಡ್ರೆ ತಪ್ಪಾಗುತ್ತಾ? ಹೇಳ್ಕೊಂಡ್ರೂ ಯಾರ ಹತ್ರ ಹೇಳ್ಕೊಳ್ಲಿ?
— ಹೆಸರು ಬೇಡ

ಉತ್ತರ: ತಪ್ಪಲ್ಲ ತಂಗಿ, ಖಂಡಿತ ತಪ್ಪಲ್ಲ. ಕಾಯಿಲೆ ಅವರಿಗೆ ಬಂದಿರಬಹುದು ಆದ್ರೆ ಅದನ್ನ ಹಗಲೂ ರಾತ್ರಿ ಹೊತ್ಕೊಂಡು ಓಡಾಡ್ತಿರೋದು ನೀವು, ನಿಮ್ಮ ನಿದ್ದೆ ನಿಮ್ಮ ಊಟ ಕೂಡ ಅವರ ಟ್ರೀಟ್‌ಮೆಂಟಿನ ಒಂದು ಭಾಗಾನೇ, ಯಾಕಂದ್ರೆ ನೀವು ಮಲಗಿಬಿಟ್ರೆ ಅವರಿಗೆ ಗಂಜಿ ಕೊಡೋರು ಯಾರು?

ಮೊದಲು ಆ ಗುಟ್ಕಾ ಮಾತು ಮುಗಿಸಿಬಿಡ್ತೀನಿ, ಅದನ್ನ ಓದಿ ನನಗೆ ನಿಜವಾಗ್ಲೂ ಸಿಟ್ಟು ಬಂತು. ಕರ್ನಾಟಕದಲ್ಲಿ ಗುಟ್ಕಾ ಬ್ಯಾನ್ ಆಗಿದ್ದು 2013ರಲ್ಲಿ. ಆಮೇಲೂ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಒಂದು ಪ್ಯಾಕೆಟ್ ಅಂತ ಬೇರೆಬೇರೆ ಮಾಡಿ ಪ್ರತಿ ಗೂಡಂಗಡೀಲೂ ನೇತಾಕಿ ಮಾರ್ತಾನೇ ಇದಾರೆ. ಇಡೀ ಸರ್ಕಾರದ ಕೈಲಿ ನಿಲ್ಲಿಸೋಕಾಗದೆ ಇರೋದನ್ನ ಮನೇಲಿ ಒಬ್ಬ ಹೆಂಗಸು ನಿಲ್ಲಿಸಬೇಕಿತ್ತಾ? ಮತ್ತೆ ಯಾರಾದ್ರೂ ಕೇಳಿದ್ರೆ "ಈಗ ಅದನ್ನ ಮಾತಾಡಿ ಪ್ರಯೋಜನ ಇಲ್ಲ, ನಾಳೆ ಆಸ್ಪತ್ರೆಗೆ ಯಾರು ಬರ್ತೀರ ಹೇಳಿ" ಅಂತ ನೇರವಾಗಿ ಕೇಳಿ. ಮನೇಲಿ ಮೈದುನನೋ ಇನ್ಯಾರೋ ಇನ್ನೂ ಬಾಯಿಗೆ ಹಾಕ್ತಿದ್ರೆ ತಂಬಾಕು ಬಿಡಿಸೋ ಸಹಾಯವಾಣಿ 1800-11-2356 ಅವರ ಕೈಗೆ ಬರೆದುಕೊಡಿ.

ಈಗ ನಿಮ್ಮ ಕೊನೆ ಪ್ರಶ್ನೆ. ಬೇಕಿದ್ರೆ ಹೇಳಮ್ಮ ಅಂತಾರಲ್ಲ, ಅವರಲ್ಲಿ ತುಂಬಾ ಜನಕ್ಕೆ ಮಾಡೋ ಮನಸ್ಸು ಇರುತ್ತೆ, ಏನು ಮಾಡ್ಬೇಕು ಅಂತ ಗೊತ್ತಿರಲ್ಲ, ನೀವು ಸಂಕೋಚಕ್ಕೆ ಏನೂ ಬೇಡ ಅಂದ್ರೆ ಅವರೂ ಸುಮ್ಮನಾಗ್ತಾರೆ. ಅದಕ್ಕೆ ಸಹಾಯ ಮಾಡಿ ಅಂತ ಕೇಳ್ಬೇಡಿ, ಕೆಲಸ ಇಂಥದ್ದು, ದಿನ ಇಂಥದ್ದು ಅಂತ ಹೇಳಿ. ಗಂಟಲು ಬಾಯಿ ಕಡೆ ರೇಡಿಯೇಷನ್ ಅಂದ್ರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂಗೆ ಆರು ವಾರ ಹಿಡಿಯುತ್ತೆ, ಅಷ್ಟು ದಿನಾನೂ ನೀವೇ ಹೋಗಿ ಸಾಲಲ್ಲಿ ಕೂರಬೇಕು ಅಂತ ಎಲ್ಲೂ ಬರೆದಿಲ್ಲ. "ಬುಧವಾರ ನೀನು ರಜಾ ಹಾಕಿ ಅಣ್ಣನ ಕರ್ಕೊಂಡು ಹೋಗು" ಅಂತ ಮೈದುನನಿಗೆ ಹೇಳಿ. ಚಿಕ್ಕಮ್ಮನಿಗೆ ಮಧ್ಯಾಹ್ನದ ಒಂದು ಫೀಡ್ ವಹಿಸಿ.

ಪೈಪಲ್ಲಿ ಕೊಡೋದು ನನಗೊಬ್ಬಳಿಗೇ ಬರೋದು ಅಂತ ನೀವು ಬಿಡದೇ ಇರಬಹುದು, ಅದು ನಾನು ತುಂಬಾ ಮನೆಗಳಲ್ಲಿ ನೋಡಿರೋದು. ಬೇರೆಯವರೂ ಕಲೀಬಹುದು. ವಾರ್ಡಿನ ಸಿಸ್ಟರ್ ಹತ್ರ ಇನ್ನೊಬ್ರನ್ನ ನಿಲ್ಲಿಸಿ ತೋರಿಸಿಕೊಡಿ ಅಂತ ಕೇಳಿ: ಮೊದ್ಲು ಪೈಪ್ ಮೇಲಿನ ಗುರುತು ಮೂಗಿನ ಹತ್ರ ಅದೇ ಜಾಗದಲ್ಲಿದೆಯಾ ನೋಡೋದು, ಕೂರಿಸಿ ಇಲ್ಲಾ ತಲೆ ಕಡೆ ಚೆನ್ನಾಗಿ ಎತ್ತರ ಮಾಡಿ ಒರಗಿಸೋದು, ಸೋಸಿದ ರಾಗಿ ಗಂಜಿ ಉಗುರು ಬೆಚ್ಚಗಿರಬೇಕು, ಸಿರಿಂಜನ್ನ ಎತ್ತಿ ಹಿಡಿದು ಅದ್ರ ಪಾಡಿಗೆ ಇಳಿಯೋಕೆ ಬಿಡೋದು, ದಬ್ಬಬಾರದು, ಕೊನೆಗೆ ಸ್ವಲ್ಪ ನೀರು ಬಿಟ್ಟು ಪೈಪ್ ತೊಳೆದು ಅರ್ಧ ಗಂಟೆ ಮಲಗಿಸದೇ ಇರೋದು. ನಡುವೆ ಕೆಮ್ಮು ಬಂದ್ರೆ ತಕ್ಷಣ ನಿಲ್ಲಿಸಬೇಕು. ಪೈಪ್ ಹೊರಗೆ ಬಂದ್ರೆ ಮನೇಲಿ ತೂರಿಸೋಕೆ ಹೋಗದೆ ಆಸ್ಪತ್ರೆಗೇ ಓಡಬೇಕು. ಇಷ್ಟು ಒಬ್ರು ಕಲಿತ್ರೆ ನಿಮಗೆ ಮಧ್ಯಾಹ್ನ ಎರಡು ಗಂಟೆ ನಿದ್ದೆ ಸಿಗುತ್ತೆ. ಆಗ ಮಲಗಿ, ಬಟ್ಟೆ ಒಗೆಯೋಕೆ ಹೋಗ್ಬೇಡಿ.

ಅವರು ಪೈಪ್ ಕೀಳೋಕೆ ಹೋಗಿದ್ದು ನಿಮ್ಮ ಮೇಲಿನ ಕೋಪಕ್ಕಲ್ಲ. ಎರಡು ಮೂರು ವಾರ ಆಗೋ ಹೊತ್ತಿಗೆ ಬಾಯೆಲ್ಲ ಹುಣ್ಣಾಗುತ್ತೆ, ಎಂಜಲು ನುಂಗೋಕೂ ಉರಿ, ಮಾತು ಸರಿಯಾಗಿ ಹೊರಡಲ್ಲ, ಗಂಡಸಿಗೆ ತಾನು ಎಲ್ಲದಕ್ಕೂ ಹೆಂಡತಿ ಕೈ ನೋಡ್ಬೇಕಲ್ಲ ಅನ್ನೋದು ಬೇರೆ. ನೋವು ಜಾಸ್ತಿ ಇದೆ ಅಂತ ಡಾಕ್ಟರ್‌ಗೆ ಸ್ಪಷ್ಟವಾಗಿ ಹೇಳಿ, ಅದಕ್ಕೆ ಔಷಧಿ ಇದೆ, ಸಹಿಸ್ಕೊಂಡೇ ಇರಬೇಕಾಗಿಲ್ಲ. ಒಂದು ನೋಟ್‌ಬುಕ್ಕು ಪೆನ್ನು ಅವರ ಪಕ್ಕದಲ್ಲಿಡಿ, ಬೈಯೋದಿದ್ರೂ ಬರೆದು ಬೈಯಲಿ. ನೀವು ಬೈದಿದ್ದಕ್ಕೆ ನಿಮ್ಮನ್ನ ನೀವೇ ತಿಂದುಕೊಳ್ಬೇಡಿ, ಹೋಗಿ "ಭಯ ಆಯ್ತು ಅದಕ್ಕೆ ಕೂಗಾಡಿದೆ" ಅಂತ ಹೇಳಿ, ಅಷ್ಟು ಸಾಕು. ರೇಡಿಯೇಷನ್ ಜೊತೆ ಕೀಮೋನೂ ಕೊಡ್ತಿದ್ರೆ ಒಂದು ಥರ್ಮಾಮೀಟರ್ ತಂದಿಟ್ಕೊಳ್ಳಿ, ಜ್ವರ 100.4 ಡಿಗ್ರಿ ದಾಟಿದ್ರೆ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ, ಆ ರಾತ್ರೀನೇ ಹೋಗಬೇಕು.

ದುಡ್ಡಿನ ಬಗ್ಗೆ ನೀವು ಬರೆದಿಲ್ಲ, ಆದ್ರೂ ಹೇಳ್ತೀನಿ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ, ಎಪಿಎಲ್ ಆದ್ರೆ ಪ್ಯಾಕೇಜ್ ದರದ ಶೇ 30, ಅದೂ 1.5 ಲಕ್ಷದವರೆಗೆ. ಯೋಜನೆಗೆ ಸೇರಿರೋ ಆಸ್ಪತ್ರೇಲಿ ಆರೋಗ್ಯಮಿತ್ರ ಅಂತ ಒಬ್ರು ಕೂತಿರ್ತಾರೆ, ರೇಷನ್ ಕಾರ್ಡು ಆಧಾರ್ ಹಿಡ್ಕೊಂಡು ಅವರ ಹತ್ರ ಹೋಗಿ. ಈ ಫೈಲು ಓಡಾಟ ಎಲ್ಲ ಓದಿರೋ ಒಬ್ಬ ಹುಡುಗನಿಗೆ ಪೂರ್ತಿ ವಹಿಸಿಬಿಡಿ, ನೀವು ಮಾಡ್ಬೇಡಿ. ಚಿಕ್ಕಮ್ಮನ ಮನೇಲಿ ಇರೋದು ಕಷ್ಟ ಅನ್ನಿಸ್ತಿದ್ರೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನ ಕೇಳಿ, ಕಿದ್ವಾಯಿಯಂಥ ಕಡೆ ಹೊರಗಿನ ಊರಿಂದ ಬಂದೋರಿಗೆ ಧರ್ಮಶಾಲೆ ಇದೆ. ಮುಂದೆ ಚೆಕಪ್‌ಗೆ ರೈಲಲ್ಲಿ ಬರೋದಾದ್ರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯ್ತಿ, ಜೊತೆಗಿರೋ ಒಬ್ರಿಗೆ ಶೇ 75, ಅದರ ಫಾರಂ ಆಸ್ಪತ್ರೇಲಿ ಡಾಕ್ಟರ್ ಸೈನ್ ಮಾಡಿ ಕೊಡ್ತಾರೆ. ಒಂದು ಶನಿವಾರ ಅತ್ತೆಗೆ ಮಕ್ಕಳನ್ನ ಕರ್ಕೊಂಡು ಬರೋಕೆ ಹೇಳಿ, ಸಾದಾ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಹೇಗೂ ಟಿಕೆಟ್ ಇಲ್ಲ. ಅಪ್ಪನ ಮುಖದ ಹೊಲಿಗೆ ನೋಡಿ ಹೆದರ್ತಾರೇನೋ ಅಂತ ಅನುಮಾನ ಇರುತ್ತೆ, ಮೊದಲೇ ಫೋನಲ್ಲಿ ಹೀಗಿದೆ ಅಂತ ಹೇಳಿ ಕರೆಸಿ, ದೂರ ಇಟ್ಟಷ್ಟೂ ಮಕ್ಕಳ ಹೆದರಿಕೆ ಹೆಚ್ಚೇ ಆಗುತ್ತೆ.

ಇನ್ನು ಮನಸ್ಸಿನ ಮಾತು. ರೇಡಿಯೇಷನ್ ಹಾಲ್‌ನಲ್ಲಿ ದಿನಾ ಅದೇ ಟೈಮಿಗೆ ಬರೋ ಹೆಂಗಸರು ಇರ್ತಾರಲ್ಲ, ಕೈಲಿ ಅದೇ ಥರದ ಫೈಲು, ಅದೇ ಥರದ ಗಂಜಿ ಫ್ಲಾಸ್ಕು, ಅವರಲ್ಲಿ ಒಬ್ರ ಜೊತೆ ಮಾತು ಶುರು ಮಾಡಿ, ನಂಬರ್ ಇಸ್ಕೊಳ್ಳಿ. ನಿಮ್ಮ ಕಷ್ಟ ಅವರಿಗೆ ವಿವರಿಸೋ ಅಗತ್ಯಾನೇ ಇರಲ್ಲ. ರಾತ್ರಿ ಎದೆ ಒತ್ತಿದಂಗೆ ಆಗಿ ನಿದ್ದೆ ಬರದೆ ಇದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ದಿನದ 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ನಲ್ಲಿ ಬಿಟ್ಕೊಂಡು ಒಬ್ಬರೇ ಅಳೋದಕ್ಕಿಂತ ಒಬ್ರ ಹತ್ರ ಮಾತಾಡ್ತಾ ಅತ್ತರೆ ಹಗುರ ಆಗ್ತೀರ ತಂಗಿ.

ಪ್ರಶ್ನೆ: ಮೇಡಂ, ಅಮ್ಮನ ಕ್ಯಾನ್ಸರ್ ಲಿವರ್‌ಗೂ ಹಬ್ಬಿದೆ, ಇನ್ನು ಕೀಮೋ ಬೇಡ ಮನೆಗೆ ಕರ್ಕೊಂಡು ಹೋಗಿ ಅಂದಿದಾರೆ. ಬೆಂಗಳೂರಲ್ಲಿ ನನ್ನ ಮನೇಲೇ ಇದಾರೆ, ರಾತ್ರಿ ನೋವಿಗೆ ಕಿರುಚ್ತಾರೆ. ಹಾಸ್ಪೈಸ್‌ಗೆ, ಅಂದ್ರೆ ಕೊನೆ ಹಂತದ ರೋಗಿಗಳನ್ನ ನೋಡ್ಕೊಳ್ಳೋ ಕಡೆ, ಸೇರಿಸೋಣ ಅಂದ್ರೆ ಅಕ್ಕ ಅಮ್ಮನ್ನ ಬಿಟ್ಟುಬಂದಂಗೆ ಅಂತ ಜಗಳ ಆಡ್ತಾಳೆ.
— ಒಬ್ಬ ಮಗ, ಬೆಂಗಳೂರು

ಉತ್ತರ: ಕೀಮೋ ನಿಲ್ಲಿಸಿದ್ರು ಅಂದ್ರೆ ಚಿಕಿತ್ಸೆಯೇ ಮುಗೀತು ಅಂತ ಅಲ್ಲ. ನೋವು, ವಾಂತಿ, ಉಸಿರಾಟ ಇವನ್ನ ನೋಡ್ಕೊಳ್ಳೋಕೆ ಪ್ಯಾಲಿಯೇಟಿವ್ ಕೇರ್ ವಿಭಾಗಾನೇ ಬೇರೆ ಇದೆ, ನಾಳೇನೇ ಅಲ್ಲಿಗೆ ಹೋಗಿ. ಮಾರ್ಫಿನ್ ಮಾತ್ರೆ ಕೊಟ್ರೆ ಅಡಿಕ್ಟ್ ಆಗ್ತಾರೆ ಅಂತ ಹೆದರ್ಬೇಡಿ, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ನೋವಿಗೆ ಅಂತ ಕೊಡೋದು ಚಟ ಆಗಲ್ಲ. ನೋವು ಬಂದಾಗ ಮಾತ್ರ ಅಲ್ಲ, ಗಡಿಯಾರ ನೋಡ್ಕೊಂಡು ಹೇಳಿದ ಟೈಮಿಗೆ ಕೊಡ್ಬೇಕು, ಅದರಿಂದ ಮಲಬದ್ಧತೆ ಆಗುತ್ತೆ, ಅದಕ್ಕೂ ಔಷಧಿ ಅದೇ ದಿನ ಬರೆಸ್ಕೊಳ್ಳಿ.

ಮಾರತ್ತಹಳ್ಳಿ ಹತ್ರ ಕರುಣಾಶ್ರಯ ಅಂತ ಹಾಸ್ಪೈಸ್ ಇದೆ, 90ರ ದಶಕದಿಂದ ಇಂಥ ಹಂತದ ಕ್ಯಾನ್ಸರ್ ರೋಗಿಗಳನ್ನ ನೋಡ್ಕೊಳ್ತಿದಾರೆ, ಒಂದು ರೂಪಾಯಿ ತಗೊಳ್ಳಲ್ಲ. ಮನೆಗೇ ಬಂದು ನೋಡೋ ತಂಡಾನೂ ಇದೆ, ಹಾಗಾಗಿ ನಿಮ್ಮ ಜಗಳಕ್ಕೆ ಅರ್ಧ ಪರಿಹಾರ ಅಲ್ಲೇ ಇದೆ, ಅಮ್ಮ ಮನೇಲೇ ಇದ್ದು ಸಹಾಯ ಪಡೀಬಹುದು. ಅಕ್ಕನ ಜೊತೆ ವಾದ ಬೇಡ. ಅವರಿಗೂ ಅಮ್ಮನೇ ಅಲ್ವಾ, ಆ ಸಂಕಟ ಜಗಳವಾಗಿ ಬರ್ತಿದೆ ಅಷ್ಟೇ. ಮೊದಲು ಅಮ್ಮನಿಗೆ ನಿಮಗೆಲ್ಲಿ ಇರೋಕೆ ಇಷ್ಟ ಅಂತ ಕೇಳಿ, ಆಮೇಲೆ ರಿಪೋರ್ಟ್‌ಗಳನ್ನ ತಗೊಂಡು ಅಕ್ಕ ತಮ್ಮ ಇಬ್ರೂ ಒಟ್ಟಿಗೆ ಹೋಗಿ ಆ ಜಾಗ ಕಣ್ಣಾರೆ ನೋಡ್ಕೊಂಡು ಬನ್ನಿ.