ಜಿಲ್ಲೆಗೆ ಮಳೆ ಅಂದರೆ ನಿಮ್ಮ ತೋಟಕ್ಕೂ ಅಂತಲ್ಲ

'ಕೋಲಾರ ಜಿಲ್ಲೆಗೆ ಮಳೆ ಅಂದರು, ಶ್ರೀನಿವಾಸಪುರದಲ್ಲಿ ಹನಿಯೂ ಇಲ್ಲ, ಮುನ್ಸೂಚನೆ ಸುಳ್ಳಾ?' ಅಂತ ಕೇಳಿದ್ದೀರಿ. ಸುಳ್ಳಲ್ಲ, ಪದ ಗಮನಿಸಿ. ಹವಾಮಾನ ಇಲಾಖೆ 'ಒಂದೆರಡು ಕಡೆ' ಅಂದರೆ ಮಳೆ ಅಳೆಯುವ ಕೇಂದ್ರಗಳ ಪೈಕಿ ಶೇ 25ರೊಳಗೆ ಮಾತ್ರ ಮಳೆ ದಾಖಲಾಗುತ್ತದೆ. 'ಕೆಲವು ಕಡೆ' ಅಂದರೆ ಶೇ 26–50, 'ಹಲವು ಕಡೆ' ಶೇ 51–75, 'ಬಹುತೇಕ ಕಡೆ' ಅದಕ್ಕೂ ಮೇಲೆ. ಟೊಮೆಟೊಗೆ ಔಷಧಿ ಹೊಡೆಯುವುದನ್ನು ಕೊನೆಯ ಎರಡಕ್ಕೆ ಮಾತ್ರ ಮುಂದೂಡಿದರೆ ಸಾಕು.

ಏಪ್ರಿಲ್–ಮೇ ಗುಡುಗು ಮಳೆಗೆ ಒತ್ತಡದ ನಕ್ಷೆ (ಗಾಳಿಯ ಒತ್ತಡ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅಂತ ತೋರಿಸುವ ನಕ್ಷೆ) ಅಷ್ಟಾಗಿ ನೆರವಾಗದು. ಮೋಡದ ಗಾತ್ರ ಕೆಲವೇ ಕಿ.ಮೀ., ಆಯಸ್ಸು ಒಂದೆರಡು ಗಂಟೆ. ಬೆಳಿಗ್ಗೆ ಹಾರಿಸುವ ಹವಾಮಾನ ಬಲೂನು ಮೇಲಿನ ಗಾಳಿಯ ತೇವ, ತಾಪ ಅಳೆದು ಗುಡುಗಿನ ಸಾಧ್ಯತೆ ಹೇಳುತ್ತದೆ, ಜಾಗ ಹೇಳುವುದಿಲ್ಲ. ಜಾಗ ತಿಳಿಯಲು ಮಧ್ಯಾಹ್ನದ ಮೇಲೆ, ಮಳೆ ಮೋಡ ಎಲ್ಲಿದೆ ಅಂತ ತೋರಿಸುವ ರಾಡಾರ್ ಚಿತ್ರ ನೋಡಿ. ಆದರೆ ಚೆನ್ನೈ ರಾಡಾರಿನ ಕಿರಣ ಭೂಮಿಯ ಬಾಗಿನಿಂದಾಗಿ ಕೋಲಾರದ ಮೇಲೆ 3 ಕಿ.ಮೀ.ಗೂ ಎತ್ತರದಲ್ಲಿ ಹಾಯುತ್ತದೆ, ತಗ್ಗಿನ ಮೋಡದ ತುಂತುರು ತಪ್ಪಿಹೋಗಬಹುದು.

ಅಕ್ಟೋಬರ್–ನವೆಂಬರ್‌ನಲ್ಲಿ ಮಾತ್ರ ನಕ್ಷೆಯೇ ಮುಖ್ಯ: ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಉತ್ತರ ತಮಿಳುನಾಡು, ದಕ್ಷಿಣ ಆಂಧ್ರದ ಕಡೆ ಬಂದರೆ ನಿಮಗೆ ಮಳೆ.

ಇನ್ನೊಂದು, 'ನಿನ್ನೆಯ ಮಳೆ' ಲೆಕ್ಕ ಬೆಳಿಗ್ಗೆ 8:30ರಿಂದ 8:30ರವರೆಗೆ. ಹೋಬಳಿ, ಪಂಚಾಯಿತಿ ಮಟ್ಟದ ಅಂಕಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ.